ಓವನ್ ಇಲ್ಲದೆ ಮೆತ್ತನೆ ಗ್ರಾನೋಲಾ ಬಾರ್: ಮಲೆನಾಡಿನ ಅಡುಗೆಮನೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಪ್ಪ ತಳದ ಒಂದು ಬಾಣಲೆ, ಎಂಟು ಇಂಚಿನ ಒಂದು ಚೌಕ ತಟ್ಟೆ ಅಥವಾ ಡಬ್ಬಿ, ತಳ ಸಪಾಟಾಗಿರುವ ಒಂದು ಸ್ಟೀಲ್ ಲೋಟ. ಇಷ್ಟಿದ್ದರೆ ಈ ಬಾರ್ ಮಾಡಬಹುದು. ಇಲ್ಲಿಯ ಅಳತೆ ಎಲ್ಲ ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ದ್ರವ ಬೆಲ್ಲ, ಇಟ್ಟುಕೊಂಡು ಹೇಳಿದ್ದು. ಪ್ರಶ್ನೆಗಳಲ್ಲಿ ಮಳೆಗಾಲದ್ದೇ ಜಾಸ್ತಿ. ನಮ್ಮ ಕಡೆ ಅದು ಸಹಜ ತಾನೇ.

ಗ್ರಾನೋಲಾ ಬಾರ್ ಅಂದರೆ ಚಿಕ್ಕಿಯೇ ಅಲ್ವಾ?

ಹತ್ತಿರದ ನೆಂಟ, ಆದರೆ ಅದೇ ಅಲ್ಲ. ಗ್ರಾನೋಲಾ ಅಮೆರಿಕದ ಉಪಾಹಾರ. 1863ರಲ್ಲಿ ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಜೇಮ್ಸ್ ಕೇಲಬ್ ಜಾಕ್ಸನ್ ಎಂಬ ವೈದ್ಯರು ಗೋಧಿ ಹಿಟ್ಟನ್ನು ಸುಟ್ಟು, ಪುಡಿ ಮಾಡಿ ಅದರ ಮೊದಲ ರೂಪ ತಯಾರಿಸಿದರು. ಅದು ಎಷ್ಟು ಗಟ್ಟಿ ಇತ್ತೆಂದರೆ ರಾತ್ರಿಯಿಡೀ ನೆನೆಸದೆ ತಿನ್ನಲು ಆಗುತ್ತಿರಲಿಲ್ಲ. ಓಟ್ಸ್, ಜೇನು, ಬೀಜಗಳನ್ನು ಕಲಸಿ ಮಾಡುವ ಈಗಿನ ಗ್ರಾನೋಲಾ ಚಾಲ್ತಿಗೆ ಬಂದದ್ದು 1960ರ ದಶಕದಲ್ಲಿ. ಅದನ್ನೇ ಒತ್ತಿ ಕತ್ತರಿಸಿದರೆ ಬಾರ್.

ಚಿಕ್ಕಿಗೂ ಇದಕ್ಕೂ ನಿಜವಾದ ವ್ಯತ್ಯಾಸ ಪಾಕದಲ್ಲಿದೆ. ಚಿಕ್ಕಿಗೆ ಬೆಲ್ಲ ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಆಗ ಅದು ಗಾಜಿನ ಹಾಗೆ ಪಟ್ ಅಂತ ಮುರಿಯುತ್ತದೆ. ಮೆತ್ತನೆ ಬಾರ್‌ಗೆ 112–115 ಡಿಗ್ರಿಯಲ್ಲೇ ಒಲೆ ಆರಿಸಬೇಕು. ಚಿಕ್ಕಿ ಮಾಡಿ ಪಳಗಿದವರ ಬಾರ್ ಗಟ್ಟಿಯಾಗುವುದು ಇದಕ್ಕೇ. ಕೈ ತಾನಾಗಿ ಇನ್ನೊಂದು ನಿಮಿಷ ಕಾಯುತ್ತದೆ.

ಅಳತೆ ಹೇಳಿ.

ಇದು 16 ತುಂಡಿಗೆ:

ರೋಲ್ಡ್ ಓಟ್ಸ್ – 2 ಕಪ್ (ಸುಮಾರು 180 ಗ್ರಾಂ)
ಮಂಡಕ್ಕಿ – 1 ಕಪ್
ಶೇಂಗಾ – ಅರ್ಧ ಕಪ್, ಹುರಿದು ಸಿಪ್ಪೆ ತೆಗೆದು ತರಿ ಮಾಡಿದ್ದು
ಒಣಕೊಬ್ಬರಿ ತುರಿ – ಕಾಲು ಕಪ್
ಎಳ್ಳು – 2 ದೊಡ್ಡ ಚಮಚ
ಜೋನಿ ಬೆಲ್ಲ – ಅರ್ಧ ಕಪ್ (ಸುಮಾರು 160 ಗ್ರಾಂ)
ಶೇಂಗಾ ಬೆಣ್ಣೆ, ಅಂದರೆ ಅಂಗಡಿಯ ಪೀನಟ್ ಬಟರ್ – ಕಾಲು ಕಪ್
ತುಪ್ಪ – 2 ದೊಡ್ಡ ಚಮಚ
ಏಲಕ್ಕಿ ಪುಡಿ, ಎರಡು ಚಿಟಿಕೆ ಉಪ್ಪು

ಉಪ್ಪು ಬಿಡಬೇಡಿ. ಉಪ್ಪಿಲ್ಲದ ಬಾರ್ ಬರೀ ಸಿಹಿ ಅನ್ನಿಸುತ್ತದೆ, ಶೇಂಗಾದ ರುಚಿ ಮೇಲೆ ಬರುವುದಿಲ್ಲ.

ಒಣ ಸಾಮಾನು ಹೆಚ್ಚುಕಡಿಮೆ ಮಾಡಿಕೊಳ್ಳಿ. ಒಟ್ಟು ಸುಮಾರು ನಾಲ್ಕು ಕಪ್ ಇದ್ದರಾಯಿತು. ಹಸಿ ಸಾಮಾನಿನ ಅಳತೆ ಮಾತ್ರ ಬದಲಿಸಬೇಡಿ.

ಯಾವುದು ಮೊದಲು, ಯಾವುದು ಆಮೇಲೆ?

ಮೊದಲು ತಟ್ಟೆಗೆ ತುಪ್ಪ ಸವರಿ, ಬಟರ್ ಪೇಪರ್ ಹಾಸಿ ಪಕ್ಕಕ್ಕಿಡಿ. ಪಾಕ ಬಂದ ಮೇಲೆ ಪೇಪರ್ ಹುಡುಕುತ್ತಾ ನಿಂತರೆ ಬಾಣಲೆಯಲ್ಲೇ ಎಲ್ಲ ಹಿಡಿದುಕೊಂಡುಬಿಡುತ್ತದೆ.

ಓಟ್ಸ್ ಅನ್ನು ಸಣ್ಣ ಉರಿಯಲ್ಲಿ ಆರೆಂಟು ನಿಮಿಷ ಹುರಿಯಿರಿ. ಬಣ್ಣ ತಿರುಗುವುದು ಬೇಡ, ಘಮ ಬಂದರೆ ಸಾಕು. ಎಳ್ಳು ಚಟಪಟ ಅನ್ನುವವರೆಗೆ, ಕೊಬ್ಬರಿ ಬೆಚ್ಚಗಾಗುವಷ್ಟು, ಮಂಡಕ್ಕಿ ಮತ್ತೆ ಗರಿಗರಿ ಆಗುವವರೆಗೆ. ಒಂದೊಂದನ್ನೂ ಬೇರೆ ಬೇರೆ ಹುರಿದು ಅಗಲ ಪಾತ್ರೆಗೆ ಸುರಿಯಿರಿ. ಎಲ್ಲ ಒಟ್ಟಿಗೆ ಹಾಕಿದರೆ ಓಟ್ಸ್ ಹಸಿಯಾಗಿರುವಾಗಲೇ ಎಳ್ಳು ಸೀದು ಕಹಿಯಾಗುತ್ತದೆ.

ಅದೇ ಬಾಣಲೆಗೆ ತುಪ್ಪ, ಜೋನಿ ಬೆಲ್ಲ, ಉಪ್ಪು. ಪಾಕ ಬಂದ ಕೂಡಲೇ ಒಲೆ ಆರಿಸಿ ಶೇಂಗಾ ಬೆಣ್ಣೆ, ಏಲಕ್ಕಿ ಕದಡಿ. ಮಂಡಕ್ಕಿ ಬಿಟ್ಟು ಉಳಿದ ಒಣ ಸಾಮಾನು ಸುರಿದು, ಪ್ರತಿ ಓಟ್ಸಿಗೂ ಪಾಕ ಹತ್ತುವ ಹಾಗೆ ಮಗುಚಿ. ಮಂಡಕ್ಕಿ ಕೊನೆಗೆ. ಬಿಸಿ ಪಾಕಕ್ಕೆ ಮೊದಲೇ ಬಿದ್ದರೆ ಅದು ಕುಗ್ಗಿ ಹೋಗುತ್ತದೆ.

ತಟ್ಟೆಗೆ ಹಾಕಿ, ಲೋಟದ ತಳಕ್ಕೆ ತುಪ್ಪ ಸವರಿ ಒತ್ತಿ. ಸುಮ್ನೆ ತಟ್ಟಿದರೆ ಆಗುವುದಿಲ್ಲ, ಮೈಭಾರ ಹಾಕಿ ಒತ್ತಬೇಕು. ಮೂಲೆಗಳನ್ನು ಮರೆಯಬೇಡಿ, ಪುಡಿಯಾಗುವ ತುಂಡುಗಳು ಯಾವಾಗಲೂ ಮೂಲೆಯವೇ. ಎರಡು ಗಂಟೆ ಬಿಟ್ಟು ಕತ್ತರಿಸಿ. ನಡುವೆ ಒಂದು ಗೆರೆ, ಅಡ್ಡಕ್ಕೆ ಏಳು ಗೆರೆ. ಚಾಕುವಿಗೆ ತುಪ್ಪ ಸವರಿ ಮೇಲಿನಿಂದ ಅದುಮಿ, ಗರಗಸದ ಥರ ಎಳೆಯಬೇಡಿ.

ಪಾಕ ಬಂತು ಅಂತ ಹೇಗೆ ತಿಳಿಯುವುದು?

ಇಡೀ ಕೆಲಸದಲ್ಲಿ ಗಮನ ಬೇಕಾಗುವುದು ಇದೊಂದಕ್ಕೆ.

ಜೋನಿ ಬೆಲ್ಲ ಕಾದಾಗ ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಇಡೀ ಬಾಣಲೆ ತುಂಬ ಹಗುರವಾದ ನೊರೆ ಉಕ್ಕುತ್ತದೆ. ಇದು ನೀರು ಆವಿಯಾಗುವ ಹೊತ್ತು. ಉರಿ ಸಣ್ಣ ಮಾಡಿ. ಸ್ವಲ್ಪ ಹೊತ್ತಿಗೆ ನೊರೆ ತಗ್ಗಿ, ಗುಳ್ಳೆಗಳು ದೊಡ್ಡದಾಗಿ ನಿಧಾನವಾಗಿ ಒಡೆಯತೊಡಗುತ್ತವೆ. ಸದ್ದೂ ಬದಲಾಗುತ್ತದೆ. ಮೊದಲಿನ ಸುಂಯ್ ಹೋಗಿ ಬೊಳ್ ಬೊಳ್ ಅನ್ನುತ್ತದೆ. ಇಲ್ಲಿಂದ ಪರೀಕ್ಷೆ ಶುರು ಮಾಡಿ.

ಬಟ್ಟಲಲ್ಲಿ ತಣ್ಣೀರಿಟ್ಟುಕೊಂಡು ಅದಕ್ಕೆ ಒಂದು ಹನಿ ಬಿಡಿ. ಹನಿ ನೀರಿನಲ್ಲಿ ಕದಡಿ ಹೋದರೆ ಇನ್ನೂ ಆಗಿಲ್ಲ. ತಳದಲ್ಲಿ ಕೂತು, ಬೆರಳಿನಿಂದ ಒಟ್ಟು ಮಾಡಿದಾಗ ಸೇರಿಕೊಂಡು, ನೀರಿನಿಂದ ಹೊರಗೆ ತೆಗೆದ ಕೂಡಲೇ ಬೆರಳ ಮೇಲೆ ಚಪ್ಪಟೆಯಾಗಿ ಹರಡಿದರೆ ಸರಿಯಾದ ಹದ. ಉಂಡೆ ಉಂಡೆಯಾಗಿಯೇ ನಿಂತರೆ ಒಂದು ಹೆಜ್ಜೆ ಮುಂದೆ ಹೋಗಿದೆ. ಬಾರ್ ತುಸು ಬಿಗಿಯಾಗುತ್ತದೆ, ಹಾಳಾಗುವುದಿಲ್ಲ. ತಟ್ಟೆಗೆ ಬಡಿದರೆ ಟಣ್ ಅಂದರೆ ಅದನ್ನು ಚಿಕ್ಕಿ ಅಂತಲೇ ಹಂಚಿಬಿಡಿ.

ಎಷ್ಟು ನಿಮಿಷ ಅಂತ ಕೇಳಿದರೆ ಎರಡರಿಂದ ನಾಲ್ಕು. ಖಚಿತ ಹೇಳಲು ಬರುವುದಿಲ್ಲ, ಏಕೆಂದರೆ ಒಂದು ಆಲೆಮನೆಯ ಜೋನಿ ಇನ್ನೊಂದರ ಹಾಗಿರುವುದಿಲ್ಲ. ದೋಸೆಗೆ ಸುರಿದರೆ ನೀರಾಗಿ ಹರಿಯುವಂಥದ್ದಕ್ಕೆ ಜಾಸ್ತಿ ಹೊತ್ತು ಬೇಕು, ಚಮಚದಿಂದ ನಿಧಾನಕ್ಕೆ ಇಳಿಯುವಂಥದ್ದಕ್ಕೆ ಕಡಿಮೆ.

ಜೋನಿ ಬೆಲ್ಲವೇ ಏಕೆ? ಅಚ್ಚು ಬೆಲ್ಲ, ಸಕ್ಕರೆ ಆಗುವುದಿಲ್ಲವಾ?

ಸಕ್ಕರೆ ಪಾಕ ತಣ್ಣಗಾದಾಗ ಮತ್ತೆ ಹರಳುಗಟ್ಟಲು ನೋಡುತ್ತದೆ. ಹರಳುಗಟ್ಟಿದರೆ ಬಾರ್ ಮರಳು ಮರಳಾಗಿ, ಒಣಗಿ ಪುಡಿಯಾಗುತ್ತದೆ. ಜೋನಿ ಬೆಲ್ಲದಲ್ಲೂ ಜೇನಿನಲ್ಲೂ ಗ್ಲೂಕೋಸ್, ಫ್ರಕ್ಟೋಸ್ ಬಿಡಿಬಿಡಿಯಾಗಿ ಇರುತ್ತವೆ, ಹರಳು ಕಟ್ಟದ ಹಾಗೆ ತಡೆಯುತ್ತವೆ. ಗಾಳಿಯ ತೇವವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಬಾರ್ ಮೆತ್ತಗಿರುವುದು ಇದರಿಂದ. ಅಂಗಡಿಯ ಬಾರ್‌ಗಳಿಗೆ ಗ್ಲೂಕೋಸ್ ಸಿರಪ್ ಹಾಕುವುದೂ ಇದೇ ಕಾರಣಕ್ಕೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಅದೇ ಕೆಲಸ ಮಾಡುವ ವಸ್ತು ಡಬ್ಬಿಯಲ್ಲೇ ಕೂತಿರುತ್ತದೆ.

ಅಚ್ಚು ಬೆಲ್ಲ ಮಾತ್ರ ಇದ್ದರೆ ಮುಕ್ಕಾಲು ಕಪ್ ಪುಡಿಗೆ ಮೂರು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಅರ್ಧ ಚಮಚ ನಿಂಬೆರಸ ಸೇರಿಸಿ ಕುದಿಸಿ. ನಿಂಬೆಯ ಹುಳಿ ಸಕ್ಕರೆಯನ್ನು ಒಂದಿಷ್ಟು ಒಡೆಯುತ್ತದೆ, ಹರಳು ಕಡಿಮೆಯಾಗುತ್ತದೆ. ಜೋನಿಯಷ್ಟು ಮೆತ್ತಗೆ ಬರುವುದಿಲ್ಲ, ತಿನ್ನಲು ಚೆನ್ನಾಗಿರುತ್ತದೆ.

ಜೇನು ಹಾಕುವುದಾದರೆ ಕುದಿಸಬೇಡಿ. ಕುದಿಸಿದರೆ ತುಡುವೆ ಜೇನಿನ ಹೂವಿನ ಘಮವೇ ಹೋಗುತ್ತದೆ, ಅಷ್ಟು ದುಡ್ಡು ಕೊಟ್ಟು ಏನು ಬಂತು? ಅರ್ಧ ಜೋನಿ ಅರ್ಧ ಜೇನು ಮಾಡಿ. ಜೋನಿ ಪಾಕಕ್ಕೆ ಬಂದ ಮೇಲೆ ಒಲೆ ಆರಿಸಿ, ಬಿಸಿ ಸ್ವಲ್ಪ ಇಳಿದಾಗ ಜೇನು ಕಲಸಿ. ಬರೀ ಜೇನಿನ ಬಾರ್ ಫ್ರಿಜ್ಜಿನಿಂದ ಹೊರಗೆ ತೆಗೆದರೆ ಜಗ್ಗುತ್ತದೆ.

ಜೋನಿ ಡಬ್ಬಿಯ ತಳದಲ್ಲಿ ಸಕ್ಕರೆ ಕೂತಿದೆ. ಬಳಸಬಹುದಾ?

ಬಳಸಬಹುದು. ಆಲೆಮನೆ ಹಂಗಾಮು ಮುಗಿದು ತಿಂಗಳುಗಳಾದ ಜೋನಿಯಲ್ಲಿ ಹರಳು ತಳಕ್ಕಿಳಿಯುವುದು ಮಾಮೂಲಿ. ಬಾರ್‌ಗೆ ಮೇಲಿನ ತಿಳಿಯನ್ನು ತೆಗೆದುಕೊಳ್ಳಿ. ತಳದ ಹರಳು ಕಾಫಿಗೆ, ಪಾಯಸಕ್ಕೆ ಆಗುತ್ತದೆ. ಹುಳಿ ವಾಸನೆ, ನೊರೆ ಕಂಡರೆ ಹುದುಗಿದೆ ಅಂತ ಅರ್ಥ. ಅದನ್ನು ಬಾರ್‌ಗೆ ಹಾಕಬೇಡಿ.

ಯಾವ ಓಟ್ಸ್ ತರಬೇಕು? ಬೇಯಿಸದೆ ತಿಂದರೆ ಹೊಟ್ಟೆ ನೋಯುವುದಿಲ್ಲವಾ?

ಪ್ಯಾಕೆಟ್ ಮೇಲೆ ರೋಲ್ಡ್ ಓಟ್ಸ್ ಅಂತ ಇರುವುದು. ಅದನ್ನು ಕಾರ್ಖಾನೆಯಲ್ಲೇ ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿರುತ್ತಾರೆ, ಹಾಗಾಗಿ ಹುರಿದು ತಿಂದರೆ ತೊಂದರೆ ಇಲ್ಲ. ಇನ್‌ಸ್ಟಂಟ್ ಓಟ್ಸ್ ತೆಳು, ಬಾರ್ ಇನ್ನೂ ಮೆತ್ತಗಾಗುತ್ತದೆ, ಸ್ವಲ್ಪ ಹಿಟ್ಟು ಹಿಟ್ಟು ಅನ್ನಿಸುತ್ತದೆ. ಹಲ್ಲು ಕಟ್ಟಿಸಿಕೊಂಡ ಹಿರಿಯರಿಗೆ ಅದೇ ಒಳ್ಳೆಯದು. ಸ್ಟೀಲ್ ಕಟ್ ಓಟ್ಸ್ ಕಲ್ಲಿನ ಚೂರು, ಇದಕ್ಕೆ ಆಗದು. ಮಸಾಲೆ ಓಟ್ಸ್ ತಂದು ಕೇಳಿದವರೂ ಇದ್ದಾರೆ. ಬೇಡ!

ಓಟ್ಸ್ ಬದಲು ಅವಲಕ್ಕಿ ಹಾಕಿದರೆ?

ತೆಳು ಅವಲಕ್ಕಿ ಹುರಿದು ಅರ್ಧ ಭಾಗ ಹಾಕಬಹುದು. ಪೂರ್ತಿ ಅವಲಕ್ಕಿಯದೇ ಮಾಡಿದರೆ ಮೆತ್ತನೆ ಬಾರ್ ಆಗುವುದಿಲ್ಲ. ಓಟ್ಸ್ ಪಾಕವನ್ನು ಒಳಗೆ ಎಳೆದುಕೊಂಡು ಒಂದು ರಾತ್ರಿಯಲ್ಲಿ ಹದವಾಗಿ ಮಿದುವಾಗುತ್ತದೆ, ಹುರಿದ ಅವಲಕ್ಕಿ ಗರಿಗರಿಯಾಗೇ ಉಳಿಯುತ್ತದೆ. ದಪ್ಪ ಅವಲಕ್ಕಿ ಬೇಡವೇ ಬೇಡ, ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಶೇಂಗಾ ಬೆಣ್ಣೆ ಮನೆಯಲ್ಲಿ ಮಾಡಲು ಬರುತ್ತದಾ?

ಬರುತ್ತದೆ, ತಾಳ್ಮೆ ಬೇಕು ಅಷ್ಟೇ. ಒಂದು ಕಪ್ ಶೇಂಗಾ ಹುರಿದು, ಸಿಪ್ಪೆ ಉಜ್ಜಿ ಕೇರಿ, ಇನ್ನೂ ಬೆಚ್ಚಗಿರುವಾಗಲೇ ಚಟ್ನಿ ಜಾರಿಗೆ ಹಾಕಿ. ಮೊದಲು ಚಟ್ನಿಪುಡಿಯಂತೆ ಪುಡಿಯಾಗುತ್ತದೆ. ಇನ್ನೊಮ್ಮೆ ತಿರುಗಿಸಿದರೆ ಜಾರಿನ ಗೋಡೆಗೆ ಹತ್ತಿ ಮುದ್ದೆಗಟ್ಟುತ್ತದೆ, ಬ್ಲೇಡು ಖಾಲಿ ತಿರುಗುತ್ತದೆ. ಹೆಚ್ಚಿನವರು ಇಲ್ಲಿಯೇ ಹೆದರಿ ನೀರು ಹಾಕುತ್ತಾರೆ. ನೀರು ಬಿದ್ದರೆ ಅದು ಚಟ್ನಿ, ಬೆಣ್ಣೆ ಅಲ್ಲ, ಬಾರ್ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಚಮಚದಿಂದ ಗೋಡೆ ಕೆರೆದು, ಮಿಕ್ಸಿಗೆ ಒಂದೆರಡು ನಿಮಿಷ ಬಿಡುವು ಕೊಟ್ಟು, ಮತ್ತೆ ತಿರುಗಿಸಿ. ಎಣ್ಣೆ ಬಿಡುತ್ತಾ ಬಿಡುತ್ತಾ ಮುದ್ದೆ ಸಡಿಲವಾಗಿ, ಹೊಳಪು ಬಂದು, ಇಡ್ಲಿ ಹಿಟ್ಟಿನ ಹದಕ್ಕೆ ಇಳಿಯುತ್ತದೆ.

ಶೇಂಗಾ ಆರಿಸುವಾಗ ಸುಕ್ಕುಗಟ್ಟಿದ್ದು, ಕಪ್ಪಾಗಿದ್ದು, ಬೂಷ್ಟು ಕಂಡದ್ದು ಎಲ್ಲ ತೆಗೆದು ಬಿಸಾಡಿ. ತೇವದಲ್ಲಿ ಇಟ್ಟ ಶೇಂಗಾಕ್ಕೆ ಬರುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಕತ್ತರಿಸುವಾಗ ಪುಡಿ ಪುಡಿ ಆಗುತ್ತದೆ. ಏನು ಮಾಡಲಿ?

ಹೆಚ್ಚಾಗಿ ಪಾಕ ಎಳೆಯದಾಗಿರುತ್ತದೆ, ಇಲ್ಲವೇ ಬಿಸಿ ಇರುವಾಗಲೇ ಚಾಕು ಹಾಕಿರುತ್ತೀರಿ. ಗೋಡಂಬಿ, ಶೇಂಗಾ ಇಡಿಯಾಗಿ ಹಾಕಿದರೂ ಹಾಗೆಯೇ. ಚಾಕು ಬೀಜಕ್ಕೆ ತಾಗಿದ ಜಾಗದಲ್ಲೇ ಬಾರ್ ಬಿರಿಯುತ್ತದೆ. ಬೀಜ ಒಂದು ಹೆಸರುಕಾಳಿಗಿಂತ ದೊಡ್ಡದಿರಬಾರದು.

ಪುಡಿಯಾದದ್ದನ್ನು ಬಾಣಲೆಗೆ ಹಾಕಿ, ಎರಡು ಚಮಚ ಜೋನಿ ಬೆಲ್ಲ ಬೇರೆಯಾಗಿ ಪಾಕ ಮಾಡಿ ಸೇರಿಸಿ, ಬೆಚ್ಚಗೆ ಮಾಡಿ ಮತ್ತೆ ಒತ್ತಿ. ಅಷ್ಟು ಪುರುಸೊತ್ತು ಇಲ್ಲದಿದ್ದರೆ ಬೆಳಿಗ್ಗೆ ಹಾಲಿಗೋ ಮೊಸರಿಗೋ ಹಾಕಿಕೊಂಡು ತಿನ್ನಿ. ಅದೇ ಅಸಲಿ ಗ್ರಾನೋಲಾ.

ಕಲ್ಲಾಗಿದೆ. ಸರಿಪಡಿಸಬಹುದಾ?

ಸ್ವಲ್ಪ ಮಟ್ಟಿಗೆ. ತುಂಡು ಮಾಡಿ, ಒಂದು ಚಮಚ ತುಪ್ಪ, ಎರಡು ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿಡಿ. ಪಾಕ ಕರಗಿದ ಮೇಲೆ ಮಗುಚಿ ಮತ್ತೆ ಒತ್ತಿ. ನೀರು ಸೇರಿರುವುದರಿಂದ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿಬಿಡಿ.

ಆರ್ದ್ರಾ ಮಳೆ ಹಿಡಿದ ಮೇಲೆ ಬಾರ್ ಜಿಗುಟಾಗುತ್ತದೆ, ಬೂಷ್ಟು ಬರುತ್ತದೆ. ಮಳೆಗಾಲದಲ್ಲಿ ಮಾಡಲೇಬಾರದಾ?

ಮಾಡಬಹುದು, ರೀತಿ ಸ್ವಲ್ಪ ಬದಲಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹುಲಿಕಲ್ಲು ಕಡೆ ಗಾಳಿಯಲ್ಲೇ ನೀರಿರುತ್ತದೆ. ಅಟ್ಟದ ಮೇಲಿನ ಹಪ್ಪಳವೂ ಮೆತ್ತಗಾಗುವ ಕಾಲ. ಬೆಲ್ಲಕ್ಕೆ ನೀರು ಎಳೆಯುವ ಗುಣ ಇದೆ, ತೆರೆದಿಟ್ಟ ಬಾರ್ ಒಂದೇ ರಾತ್ರಿಯಲ್ಲಿ ಬೆವರುತ್ತದೆ.

ಹುರಿಯುವುದನ್ನು ಎರಡು ನಿಮಿಷ ಹೆಚ್ಚು ಮಾಡಿ. ಬೆಳಿಗ್ಗೆ ಹುರಿದಿಟ್ಟು ಸಂಜೆ ಪಾಕ ಮಾಡುವುದು ಬೇಡ, ಅಷ್ಟರಲ್ಲಿ ಓಟ್ಸ್ ಮತ್ತೆ ತೇವ ಎಳೆದಿರುತ್ತದೆ. ಪಾಕವನ್ನು ಉಂಡೆ ನಿಲ್ಲುವ ಹದಕ್ಕೆ ತನ್ನಿ, ಗಾಳಿಯೇ ಅದನ್ನು ಆಮೇಲೆ ಮೆತ್ತಗೆ ಮಾಡುತ್ತದೆ. ಎರಡು ಚಮಚ ರಾಗಿ ಹುರಿಹಿಟ್ಟು ಸೇರಿಸಿದರೆ ಜಿಗುಟು ಕಡಿಮೆ, ಘಮವೂ ಸೇರುತ್ತದೆ. ನನ್ನ ಕೇಳಿದರೆ ಹುರಿಹಿಟ್ಟು ಬೇಸಿಗೆಯಲ್ಲೂ ಹಾಕುವಂಥದ್ದೇ.

ಇಡುವುದು ಹೇಗೆ? ಬಟರ್ ಪೇಪರಿನಲ್ಲಿ ಒಂದೊಂದೇ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿಗೆ. ಎರಡು ವಾರ ಇರುತ್ತದೆ. ಕರೆಂಟ್ ಹೋಗಿ ದಿನಗಟ್ಟಲೆ ಬರದ ಊರಾದರೆ ಅರ್ಧ ಅಳತೆ ಮಾಡಿ, ಮೂರು ನಾಲ್ಕು ದಿನಕ್ಕೆ ಮುಗಿಸಿ. ಬೇಸಿಗೆಯಲ್ಲಿ, ಚಳಿಗಾಲದಲ್ಲಿ ಹೊರಗಿಟ್ಟರೂ ಒಂದು ವಾರ ಧಾರಾಳ. ಬಿಳಿ, ಹಸಿರು ಚುಕ್ಕಿ ಕಂಡ ತುಂಡನ್ನು ಕೆರೆದು ತಿನ್ನಬೇಡಿ.

ಇರುವೆಗೆ ಹಳೆಯ ಉಪಾಯವೇ: ನೀರು ತುಂಬಿದ ತಟ್ಟೆಯ ನಡುವೆ ಡಬ್ಬಿ.

ಬಟರ್ ಪೇಪರ್ ಇಲ್ಲ.

ಬಾಳೆಎಲೆಯನ್ನು ಒಲೆಯ ಮೇಲೆ ಬಾಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತುಪ್ಪ ಸವರಿ ಹಾಸಿ. ಸುಲಭವಾಗಿ ಬಿಟ್ಟು ಬರುತ್ತದೆ. ಆದರೆ ಎಲೆಯಲ್ಲಿ ಸುತ್ತಿ ಇಡಲು ಹೋಗಬೇಡಿ, ಅದರ ತೇವ ಬಾರ್‌ಗೆ ಇಳಿಯುತ್ತದೆ. ಚೌಕ ತಟ್ಟೆಯೂ ಇಲ್ಲದಿದ್ದರೆ ಅಂಚಿರುವ ಅಡಿಕೆ ಹಾಳೆ ತಟ್ಟೆ ಆಗುತ್ತದೆ. ಅಂಚಿನ ತುಂಡು ಸೊಟ್ಟಗೆ ಬರುತ್ತವೆ, ಮಕ್ಕಳು ಮೊದಲು ಕೈ ಹಾಕುವುದು ಅವಕ್ಕೇ.

ನಮ್ಮ ಕಡೆಯ ಇನ್ನೇನು ಹಾಕಬಹುದು?

ಶಿರಸಿ, ಯಲ್ಲಾಪುರ ಕಡೆಯ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಈ ಬಾರ್‌ಗೆ ಹೇಳಿ ಮಾಡಿಸಿದ್ದು. ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿ ಕಾಲು ಕಪ್ ಹಾಕಿ, ಬೆಲ್ಲ ಎರಡು ಚಮಚ ಕಡಿಮೆ ಮಾಡಿ. ಒಣಗಿಸಿದ ಹಲಸಿನ ಹಣ್ಣು, ಮಾವಿನ ಮಾಂಬಳ (ಹಣ್ಣಿನ ರಸ ಒಣಗಿಸಿದ ಹಾಳೆ) ಕೂಡ ಚೆನ್ನ. ಮಾಂಬಳದ ಹುಳಿ ಬೆಲ್ಲದ ಸಿಹಿಗೆ ಒಳ್ಳೆಯ ಜೋಡಿ. ಮಂಗಳೂರು ಸೌತೆ, ಸಿಹಿಕುಂಬಳದ ಬೀಜ ಒಣಗಿಸಿ ಸುಲಿದಿಟ್ಟಿದ್ದರೆ ಹುರಿದು ಹಾಕಿ. ಸ್ವಲ್ಪ ಒಣಶುಂಠಿ ಪುಡಿ ಹಾಕಿದರೆ ಮಳೆಗಾಲಕ್ಕೆ ಹಿತ.

ಹಸಿ ತೆಂಗಿನತುರಿ, ತಾಜಾ ಹಣ್ಣು ಬೇಡ. ಮರುದಿನವೇ ಹಳಸುತ್ತದೆ.

ಚಾಕೊಲೇಟ್?

ಮಿಶ್ರಣ ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆ ಚೂರು ಹಾಕಿ. ಇಲ್ಲದಿದ್ದರೆ ಕರಗಿ ಇಡೀ ಬಾರ್ ಕಂದಾಗುತ್ತದೆ.

ಇದು ಆರೋಗ್ಯಕ್ಕೆ ಒಳ್ಳೆಯದಾ? ಶುಗರ್ ಇರುವವರು ತಿನ್ನಬಹುದಾ?

ಮೇಲಿನ ಅಳತೆಯಲ್ಲಿ ಒಂದು ತುಂಡಿಗೆ ಸುಮಾರು 150 ಕ್ಯಾಲೊರಿ ಬರುತ್ತದೆ. ಓಟ್ಸಿನ ನಾರು, ಶೇಂಗಾದ ಪ್ರೋಟೀನ್ ಇದೆ ನಿಜ, ಜೊತೆಗೆ ಬೆಲ್ಲ, ತುಪ್ಪವೂ ಇದೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಅಂತ ಶುಗರ್ ಇರುವವರು ತಿನ್ನುವುದು ಸರಿಯಲ್ಲ. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲಿ ಎರಡೂ ಒಂದೇ. ಖರ್ಜೂರದ ಬಾರ್‌ಗೂ ಇದೇ ಮಾತು.

ಒಂದು ವರ್ಷದೊಳಗಿನ ಮಗುವಿಗೆ ಜೇನು ಹಾಕಿದ್ದನ್ನು ಕೊಡಲೇಬೇಡಿ. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಗೆ ಕಾರಣವಾಗುವ ಸೂಕ್ಷ್ಮಾಣು ಜೇನಿನಲ್ಲಿ ಇರಬಹುದು. ಸಣ್ಣ ಮಕ್ಕಳಿಗೆ ಬೀಜ ಗಂಟಲಲ್ಲಿ ಸಿಕ್ಕದ ಹಾಗೆ ಪೂರ್ತಿ ಪುಡಿ ಮಾಡಿ ಹಾಕಿ. ಶಾಲೆಯ ಡಬ್ಬಿಗೆ ಕಳಿಸುವಾಗ ಶೇಂಗಾ ಅಲರ್ಜಿ ಇರುವ ಮಕ್ಕಳು ತರಗತಿಯಲ್ಲಿ ಇದ್ದಾರಾ ಅಂತ ಒಮ್ಮೆ ಕೇಳಿ. ಶೇಂಗಾ ಆಗದವರಿಗೆ ಅದೇ ಅಳತೆಯ ಸೂರ್ಯಕಾಂತಿ ಬೀಜ, ಎಳ್ಳಿನ ಪೇಸ್ಟ್ ಹಾಕಬಹುದು. ಎಳ್ಳಿಗೂ ಅಲರ್ಜಿ ಇರುವವರಿದ್ದಾರೆ, ವಿಚಾರಿಸಿಕೊಳ್ಳಿ.

ಬೆಂಗಳೂರಿನ ಹಾಸ್ಟೆಲ್‌ಗೆ ಕಳಿಸಬಹುದಾ? ಕೊಡಚಾದ್ರಿ ಹತ್ತುವಾಗ ಒಯ್ಯಬಹುದಾ?

ಎರಡಕ್ಕೂ ಆಗುತ್ತದೆ. ಪಾರ್ಸೆಲ್‌ಗೆ ಪಾಕ ಒಂದು ಕೂದಲೆಳೆ ಜಾಸ್ತಿ ಇರಲಿ, ಚಾಕೊಲೇಟ್ ಬೇಡ. ಡಬ್ಬಿಯಲ್ಲಿ ಜಾಗ ಉಳಿದರೆ ಪೇಪರ್ ತುರುಕಿ, ಅಲುಗಾಡಿದರೆ ಅಂಚು ಉದುರುತ್ತದೆ. ಬೆಟ್ಟಕ್ಕೆ ಒಯ್ದರೆ ಸುತ್ತಿದ ಪೇಪರ್ ವಾಪಸ್ ತನ್ನಿ.

ಸಂಘದಿಂದ ಮಾಡಿ ಮಾರಬೇಕು ಅಂತಿದ್ದೇವೆ. ಏನೇನು ಬೇಕು?

ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ತಯಾರಕರಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕುವ ವ್ಯವಸ್ಥೆ ಇದೆ. ಪೊಟ್ಟಣದ ಮೇಲೆ ಸಾಮಾನಿನ ಪಟ್ಟಿ, ತೂಕ, ಬೆಲೆ, ತಯಾರಿಸಿದ ದಿನಾಂಕ, ಯಾವತ್ತಿನೊಳಗೆ ತಿನ್ನಬೇಕು ಎಂಬುದು, ಸಸ್ಯಾಹಾರದ ಹಸಿರು ಗುರುತು, ನೋಂದಣಿ ಸಂಖ್ಯೆ ಇರಬೇಕು. ಶೇಂಗಾ ಇದೆ ಅಂತ ಎದ್ದು ಕಾಣುವಂತೆ ಬರೆಯಿರಿ.

ಪ್ರತಿ ಬಾರಿಯ ಜೋನಿ ಬೇರೆ ಇರುವುದರಿಂದ, ಮಾರುವವರು ಒಂದು ಅಡುಗೆ ಥರ್ಮಾಮೀಟರ್ ಕೊಳ್ಳುವುದು ಒಳ್ಳೆಯದು. ಮನೆಗೆ ತಣ್ಣೀರಿನ ಹನಿ ಸಾಕು, ಗಿರಾಕಿಗೆ ಸಾಲದು. ಹೊಸ ಜೋನಿ ಬಂದಾಗಲೆಲ್ಲ ಒಂದೆರಡು ತುಂಡನ್ನು ಹೊರಗೇ ಇಟ್ಟು ಎಷ್ಟು ದಿನ ತಾಳುತ್ತದೆ ನೋಡಿಕೊಳ್ಳಿ, ಆಮೇಲೆ ಮುದ್ರೆ ಹಾಕಿಸಿ. ಫೆಬ್ರವರಿಯಲ್ಲಿ ಮಾಡಿದ ಬಾರ್‌ಗೆ ಕೊಡುವ ಅವಧಿಯನ್ನೇ ಜುಲೈನಲ್ಲಿ ಮಾಡಿದ್ದಕ್ಕೂ ಕೊಡಬೇಡಿ.